ಎಂಟು ದಿನದ ಮುಷ್ಕರ: ಸಿಯೆರಾ ನೆವಾಡಾದ ಚೀನೀ ರೈಲು ಕೂಲಿಗಳು, 1867

1867ರ ಜೂನ್ ಕೊನೆಯ ವಾರ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ರೈಲು ದಾರಿ ಕಡಿಯುತ್ತಿದ್ದ ಸುಮಾರು 3000 ಚೀನೀ ಕೂಲಿಗಳು ಒಂದು ಬೆಳಿಗ್ಗೆ ಕೆಲಸಕ್ಕೆ ಬರಲಿಲ್ಲ. ಗಲಾಟೆ ಇಲ್ಲ, ಕಲ್ಲು ತೂರಾಟ ಇಲ್ಲ. ತಮ್ಮ ತಮ್ಮ ಬಿಡಾರಗಳಲ್ಲೇ ಉಳಿದರು. ಅವರು ಕೇಳಿದ್ದು ತಿಂಗಳಿಗೆ 40 ಡಾಲರ್ ಸಂಬಳ, ಬಯಲಿನ ಕೆಲಸಕ್ಕೆ ದಿನಕ್ಕೆ 10 ಗಂಟೆ, ಸುರಂಗದೊಳಗಾದರೆ 8 ಗಂಟೆ. ಮೇಲ್ವಿಚಾರಕರು ಚಾಟಿಯಲ್ಲಿ ಹೊಡೆಯುತ್ತಾರೆ, ಕೆಲಸ ಬಿಟ್ಟು ಹೋಗುತ್ತೇವೆ ಅಂದರೆ ತಡೆಯುತ್ತಾರೆ ಎಂಬ ದೂರೂ ಆಗಿನ ಪತ್ರಿಕೆ ವರದಿಯಲ್ಲಿದೆ.

ಎಂಟು ದಿನದಲ್ಲಿ ಮುಷ್ಕರ ಮುರಿದುಬಿತ್ತು. ಕೇಳಿದ್ದರಲ್ಲಿ ಒಂದನ್ನೂ ಕಂಪನಿ ಒಪ್ಪಲಿಲ್ಲ.

ಈ ಪ್ರಕರಣ ನನ್ನನ್ನು ಕಾಡುವುದು ಒಂದು ಕಾರಣಕ್ಕೆ. ಆ ಹೊತ್ತಿಗೆ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಕೆಲಸಗಾರರಲ್ಲಿ ಹತ್ತಕ್ಕೆ ಎಂಟೊಂಬತ್ತು ಜನ ಚೀನೀಯರೇ. ಅವರನ್ನು ಬಿಟ್ಟರೆ ಕೆಲಸ ಮಾಡಲು ಬೇರೆ ಜನವೇ ಇರಲಿಲ್ಲ. ಕಂಪನಿಗೆ ಒಂದೊಂದು ದಿನವೂ ದುಡ್ಡು. ಅಂಥ ಹೊತ್ತಲ್ಲಿ, ಅಂಥ ಜಾಗದಲ್ಲಿ ಕೈ ಕಟ್ಟಿ ಕೂತವರು ಗೆಲ್ಲಬೇಕಿತ್ತು, ಅಲ್ವಾ? ಯಾಕೆ ಸೋತರು?

ಮೈಲಿಗೆ ಇಷ್ಟು ಅಂತ ಹಣ

ಮೊದಲು ದುಡ್ಡಿನ ವ್ಯವಸ್ಥೆ ನೋಡಬೇಕು. 1862ರ ಜುಲೈ 1ರಂದು ಲಿಂಕನ್ ಪೆಸಿಫಿಕ್ ರೈಲ್ವೆ ಕಾಯ್ದೆಗೆ ಸಹಿ ಹಾಕಿದರು. ಅಂತರ್ಯುದ್ಧ ನಡೆಯುತ್ತಿದ್ದ ಕಾಲ ಅದು. ಪೂರ್ವದ ಒಮಾಹಾದಿಂದ ಯೂನಿಯನ್ ಪೆಸಿಫಿಕ್ ಕಂಪನಿ ಪಶ್ಚಿಮಕ್ಕೆ ಹಳಿ ಹಾಕಿಕೊಂಡು ಬರಬೇಕು. ಸ್ಯಾಕ್ರಮೆಂಟೊದಿಂದ ಸೆಂಟ್ರಲ್ ಪೆಸಿಫಿಕ್ ಪೂರ್ವಕ್ಕೆ ಹೋಗಬೇಕು. ಸರ್ಕಾರ ಸಾಲವಾಗಿ ಬಾಂಡ್ ಕೊಡುತ್ತದೆ: ಸಮತಟ್ಟು ನೆಲದಲ್ಲಿ ಮೈಲಿಗೆ 16,000 ಡಾಲರ್, ಮುಂದಿನ ಎತ್ತರದ ಭೂಮಿಯಲ್ಲಿ 32,000, ಬೆಟ್ಟದಲ್ಲಿ 48,000. ಜೊತೆಗೆ ಹಾಕಿದ ಪ್ರತಿ ಮೈಲಿ ಹಳಿಗೆ ಅಕ್ಕಪಕ್ಕದಲ್ಲಿ ಒಟ್ಟು ಹತ್ತು ಚದರ ಮೈಲಿ ಭೂಮಿ. 1864ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದರು. ಆ ಭೂಮಿಯಲ್ಲಿ ಪೈಯೂಟ್, ಶೋಶೋನಿ, ಷೈಯೆನ್ ಜನ ಬದುಕಿದ್ದರು. ಅವರ ನೆಲವನ್ನು ಅವರನ್ನು ಕೇಳದೆಯೇ ಕಂಪನಿಗಳಿಗೆ ಹಂಚಿದರು.

ಸೆಂಟ್ರಲ್ ಪೆಸಿಫಿಕ್‌ನ ಯಜಮಾನರು ನಾಲ್ವರು: ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್, ಕೊಲಿಸ್ ಹಂಟಿಂಗ್ಟನ್, ಮಾರ್ಕ್ ಹಾಪ್ಕಿನ್ಸ್, ಚಾರ್ಲ್ಸ್ ಕ್ರಾಕರ್. ನಾಲ್ವರೂ ಸ್ಯಾಕ್ರಮೆಂಟೊದ ಅಂಗಡಿಕಾರರು. ಒಬ್ಬರದ್ದು ಕಿರಾಣಿ, ಇಬ್ಬರದ್ದು ಕಬ್ಬಿಣದ ಸಾಮಾನು, ಒಬ್ಬರದ್ದು ಬಟ್ಟೆ ವ್ಯಾಪಾರ. ಬೆಟ್ಟ ದಾಟುವ ದಾರಿ ಹುಡುಕಿ, ನಕ್ಷೆ ಬರೆದು, ವಾಷಿಂಗ್ಟನ್‌ಗೆ ಓಡಾಡಿ ಈ ಯೋಜನೆಗೆ ಜೀವ ಕೊಟ್ಟ ಇಂಜಿನಿಯರ್ ಥಿಯೋಡೋರ್ ಜೂಡಾ 1863ರಲ್ಲೇ ಹಳದಿ ಜ್ವರದಿಂದ ತೀರಿಕೊಂಡರು. ಉಳಿದ ನಾಲ್ವರ ಲೆಕ್ಕಾಚಾರ ಎಷ್ಟು ಚುರುಕಾಗಿತ್ತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. ಸ್ಯಾಕ್ರಮೆಂಟೊದಿಂದ ಬರೀ ಏಳು ಮೈಲಿ ದೂರದ, ಕಣ್ಣಿಗೆ ಚಪ್ಪಟೆಯಾಗಿ ಕಾಣುವ ಜಾಗದಿಂದಲೇ ಸಿಯೆರಾ ಬೆಟ್ಟ ಶುರುವಾಗುತ್ತದೆ ಅಂತ ರಾಜ್ಯದ ಭೂವಿಜ್ಞಾನಿಯಿಂದ ಬರೆಸಿಕೊಂಡರು. ಸರ್ಕಾರ ಒಪ್ಪಿತು. ಅಲ್ಲಿಂದಲೇ ಮೈಲಿಗೆ 48,000 ಡಾಲರ್ ಲೆಕ್ಕ ಹಿಡಿಯಿತು.

1866ರಲ್ಲಿ ಕಾಯ್ದೆಗೆ ಇನ್ನೊಂದು ತಿದ್ದುಪಡಿ ಬಂತು. ಸೆಂಟ್ರಲ್ ಪೆಸಿಫಿಕ್ ಎಲ್ಲಿಯವರೆಗೆ ಬೇಕಾದರೂ ಹೋಗಬಹುದು, ಯೂನಿಯನ್ ಪೆಸಿಫಿಕ್ ಎದುರು ಸಿಗುವವರೆಗೆ. ಅಲ್ಲಿಗೆ ಇದು ಓಟದ ಪಂದ್ಯವಾಯಿತು. ಯಾರು ಜಾಸ್ತಿ ಮೈಲಿ ಹಾಕುತ್ತಾರೋ ಅವರಿಗೆ ಜಾಸ್ತಿ ಬಾಂಡ್, ಜಾಸ್ತಿ ಭೂಮಿ. ಯೂನಿಯನ್ ಪೆಸಿಫಿಕ್ 1866ರ ಅಕ್ಟೋಬರ್ ಹೊತ್ತಿಗೆ ಬಯಲಿನಲ್ಲಿ 247 ಮೈಲಿ ಮುಗಿಸಿತ್ತು. ಸೆಂಟ್ರಲ್ ಪೆಸಿಫಿಕ್ 1863ರಲ್ಲಿ ಗುದ್ದಲಿ ಪೂಜೆ ಮಾಡಿದ್ದು, ಆ ಚಳಿಗಾಲಕ್ಕೆ ಬಂದು ತಲುಪಿದ್ದು ಸಿಸ್ಕೊ ಎಂಬ ಜಾಗಕ್ಕೆ. ಸ್ಯಾಕ್ರಮೆಂಟೊದಿಂದ ಅದು 92 ಮೈಲಿ. ಮುಂದೆ ಎದುರಿಗೆ ಬರೀ ಕಪ್ಪು-ಬೂದು ಗ್ರಾನೈಟ್ ಬಂಡೆ.

ಕೂಲಿಗಳು ಬಂದ ಬಗೆ

ಕಂಪನಿಗೆ ಮೊದಲಿಂದಲೂ ಜನರ ಕೊರತೆ. 1865ರ ಆರಂಭದಲ್ಲಿ 5000 ಜನ ಬೇಕು ಅಂತ ಜಾಹೀರಾತು ಕೊಟ್ಟರೆ ಬಂದವರು ಕೆಲವು ನೂರು ಮಂದಿ. ಅವರಲ್ಲೂ ಹಲವರು ಕಂಪನಿಯ ಬಂಡಿಯಲ್ಲೇ ಬೆಟ್ಟದ ತನಕ ಬಂದು, ಅಲ್ಲಿಂದ ನೆವಾಡಾದ ಬೆಳ್ಳಿ ಗಣಿಗಳ ಕಡೆ ಹೋಗಿಬಿಡುತ್ತಿದ್ದರು. ನಿರ್ಮಾಣದ ಉಸ್ತುವಾರಿ ಹೊತ್ತಿದ್ದ ಕ್ರಾಕರ್ ಚೀನೀಯರನ್ನು ತೆಗೆದುಕೊಳ್ಳೋಣ ಅಂದರು. ಅವರ ಕೈಕೆಳಗಿನ ಮೇಲಧಿಕಾರಿ ಜೇಮ್ಸ್ ಸ್ಟ್ರೋಬ್ರಿಜ್ ಒಪ್ಪಲಿಲ್ಲ. ಇಷ್ಟು ಸಣ್ಣ ಮೈಯವರು ಬಂಡೆ ಒಡೆಯುತ್ತಾರಾ ಎಂಬುದು ಅವರ ಅನುಮಾನ. ಕೊನೆಗೆ 50 ಜನರನ್ನು ಪರೀಕ್ಷೆಗೆ ತೆಗೆದುಕೊಂಡರು. ಅವರ ಕೆಲಸ ನೋಡಿ ಇನ್ನೂ 50. ಎರಡು ವರ್ಷದಲ್ಲಿ ಸಾವಿರಾರು. ಕೆಲಸ ಜೋರಾಗಿದ್ದಾಗ ಹತ್ತು ಸಾವಿರಕ್ಕೂ ಮೇಲೆ.

ಬಹುತೇಕ ಎಲ್ಲರೂ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಕಡೆಯ ಹಳ್ಳಿಗಳವರು. ಅಲ್ಲಿ ದಂಗೆ, ಬಡತನ. ಕ್ಯಾಲಿಫೋರ್ನಿಯಾಕ್ಕೆ ಅವರು ಚಿನ್ನದ ಬೆಟ್ಟ ಅನ್ನುತ್ತಿದ್ದರು. ಊರಿಗೆ ಹಣ ಕಳಿಸಿ, ಒಂದು ದಿನ ವಾಪಸ್ ಹೋಗುವ ಆಸೆ ಹೊತ್ತು ಬಂದವರು.

ಸ್ಟ್ಯಾನ್‌ಫರ್ಡ್ ವಿಷಯ ಇಲ್ಲಿ ಹೇಳಲೇಬೇಕು. 1862ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಪ್ರಮಾಣವಚನ ತೆಗೆದುಕೊಂಡಾಗ ಚೀನೀಯರು ಈ ರಾಜ್ಯಕ್ಕೆ ಬರದಂತೆ ತಡೆಯಬೇಕು ಅಂತ ಭಾಷಣ ಮಾಡಿದವರು ಅವರು. ಮೂರು ವರ್ಷದ ನಂತರ ರೈಲು ಕಂಪನಿಯ ಅಧ್ಯಕ್ಷರಾಗಿ ರಾಷ್ಟ್ರಾಧ್ಯಕ್ಷರಿಗೆ ಕಳಿಸಿದ ವರದಿಯಲ್ಲಿ ಅದೇ ಜನರನ್ನು ಶಾಂತ ಸ್ವಭಾವದವರು, ತಾಳ್ಮೆಯವರು, ದುಡಿಮೆಗಾರರು ಅಂತ ಹೊಗಳಿದರು. ಈ ಜನ ಇಲ್ಲದಿದ್ದರೆ ಕಾಯ್ದೆ ಹೇಳಿದ ಗಡುವಿನಲ್ಲಿ ರೈಲು ದಾರಿ ಮುಗಿಯುವುದೇ ಅಸಾಧ್ಯ ಅಂತಲೂ ಬರೆದರು. ನಮ್ಮ ಎಷ್ಟೋ ಮಕ್ಕಳು ಓದಲು ಹಂಬಲಿಸುವ ವಿಶ್ವವಿದ್ಯಾಲಯ ಈ ಸ್ಟ್ಯಾನ್‌ಫರ್ಡ್ ಕುಟುಂಬ ಕಟ್ಟಿದ್ದು. ಅದರ ಹಣದ ದೊಡ್ಡ ಮೂಲ ಈ ರೈಲೇ.

ಇನ್ನು ಸಂಬಳ. ಬಿಳಿಯ ಕೂಲಿಗೆ ತಿಂಗಳಿಗೆ 35 ಡಾಲರ್, ಅದರ ಮೇಲೆ ಊಟ, ವಸತಿ ಕಂಪನಿಯದ್ದು. ಚೀನೀಯನಿಗೆ ಶುರುವಿನಲ್ಲಿ 26 ಡಾಲರ್, ಆಮೇಲೆ 30ರ ಆಸುಪಾಸು. ಊಟದ ಖರ್ಚು ಅವನದ್ದೇ. ಹನ್ನೆರಡರಿಂದ ಇಪ್ಪತ್ತು ಜನ, ಕೆಲವು ಸಲ ಅದಕ್ಕೂ ಜಾಸ್ತಿ ಸೇರಿ ಒಂದು ತಂಡ. ತಂಡಕ್ಕೆ ಒಬ್ಬ ಮೇಸ್ತ್ರಿ, ಒಬ್ಬ ಅಡುಗೆಯವನು. ಬಟವಾಡೆ ದಿನ ಕಂಪನಿ ಚಿನ್ನದ ನಾಣ್ಯಗಳನ್ನು ಮೇಸ್ತ್ರಿಯ ಕೈಗೆ ಕೊಡುತ್ತಿತ್ತು. ಅವನು ದಿನಸಿಯ ಬಾಕಿ ಕಳೆದು ಉಳಿದದ್ದನ್ನು ಹಂಚುತ್ತಿದ್ದ. ಹಾಗಾಗಿ ಕಂಪನಿಯ ಸಂಬಳದ ಪುಸ್ತಕದಲ್ಲಿ ಸಾಮಾನ್ಯವಾಗಿ ಮೇಸ್ತ್ರಿಯ ಹೆಸರು ಮಾತ್ರ. ಉಳಿದವರು ಬರೀ ತಲೆ ಲೆಕ್ಕ.

ಊಟದಲ್ಲಿ ಮಾತ್ರ ಅವರು ಯಾರ ಮಾತೂ ಕೇಳಲಿಲ್ಲ. ಅಕ್ಕಿ, ಒಣ ಮೀನು, ಒಣಗಿಸಿದ ಸಿಂಪಿ, ಕಡಲ ಪಾಚಿ, ಅಣಬೆ, ಹಂದಿ ಮಾಂಸ, ಕೋಳಿ, ತರಕಾರಿ. ಬಿಳಿಯರ ಬಿಡಾರದಲ್ಲಿ ದನದ ಮಾಂಸ, ಕಾಳು, ಆಲೂಗಡ್ಡೆ. ಕುಡಿಯಲು ಚೀನೀಯರದ್ದು ಕುದಿಸಿದ ಚಹಾ. ಖಾಲಿ ಪೀಪಾಯಿಗಳಲ್ಲಿ ತುಂಬಿ, ಕಾವಡಿಯಲ್ಲಿ ಹೊತ್ತು, ಕೆಲಸದ ಜಾಗಕ್ಕೇ ತರುತ್ತಿದ್ದರು. ಹೊಳೆ ನೀರು ಹಾಗೇ ಕುಡಿದವರಿಗೆ ಭೇದಿ ಹಿಡಿಯುತ್ತಿತ್ತು. ಇವರಿಗೆ ಅದು ಕಡಿಮೆ. ಈ ಊಟದ ವಿಷಯ ನೆನಪಿಟ್ಟುಕೊಳ್ಳಿ. ಮುಷ್ಕರದ ಸೋಲು ನಿರ್ಧಾರವಾಗಿದ್ದು ಇಲ್ಲೇ.

ಬೆಟ್ಟದ ನೆತ್ತಿಯ ಸುರಂಗ

ಡೋನರ್ ಕಣಿವೆಯ ಮೇಲೆ, ಸುಮಾರು 7000 ಅಡಿ ಎತ್ತರದಲ್ಲಿ ಆರನೇ ನಂಬರಿನ ಸುರಂಗ. ಉದ್ದ 1659 ಅಡಿ. ಈಗ ಇಷ್ಟು ಸುರಂಗ ದೊಡ್ಡ ಮಾತಲ್ಲ. ಆಗ ಯಂತ್ರ ಇಲ್ಲ. ಒಬ್ಬ ಉದ್ದನೆಯ ಉಕ್ಕಿನ ಉಳಿ ಹಿಡಿದು ಬಂಡೆಗೆ ಆನಿಸುತ್ತಾನೆ. ಇಬ್ಬರು ದೊಡ್ಡ ಸುತ್ತಿಗೆಯಲ್ಲಿ ಸರದಿ ಪ್ರಕಾರ ಬಡಿಯುತ್ತಾರೆ. ಪ್ರತಿ ಏಟಿಗೂ ಉಳಿ ಹಿಡಿದವನು ಅದನ್ನು ಸ್ವಲ್ಪ ತಿರುಗಿಸಬೇಕು, ಇಲ್ಲದಿದ್ದರೆ ಉಳಿ ಬಂಡೆಯಲ್ಲಿ ಕಚ್ಚಿಕೊಳ್ಳುತ್ತದೆ. ದೀಪದ ಮಂದ ಬೆಳಕಿನಲ್ಲಿ ಒಂದು ಏಟು ತಪ್ಪಿದರೆ ಅವನ ಕೈ ಹೋಯಿತು. ಎರಡೂವರೆ ಅಡಿ ಆಳದ ಕುಳಿ ಆದ ಮೇಲೆ ಕಪ್ಪು ಮದ್ದು ತುಂಬಿ, ಬತ್ತಿ ಹಚ್ಚಿ, ಓಡಬೇಕು. ಹೊಗೆ ಕರಗುವ ಮುಂಚೆಯೇ ಒಳಗೆ ಹೋಗಿ ಕಲ್ಲು ಎತ್ತಬೇಕು. ಹಗಲು ರಾತ್ರಿ ಪಾಳಿಯಲ್ಲಿ ಹೀಗೆ ದುಡಿದರೆ ಒಂದು ಮುಖದಲ್ಲಿ ದಿನಕ್ಕೆ ಮುಂದುವರಿಯುತ್ತಿದ್ದದ್ದು ಒಂದು ಅಡಿ ಚಿಲ್ಲರೆ.

ಕೆಲಸ ಬೇಗ ಆಗಲಿ ಅಂತ ಬೆಟ್ಟದ ಮೇಲಿಂದ ನೇರ ಕೆಳಕ್ಕೆ ಬಾವಿ ತೋಡಿದರು. ಅದರ ತಳದಿಂದ ಎರಡೂ ಕಡೆಗೆ ಕೊರೆದರು. ಎರಡು ತುದಿ ಸೇರಿ ಒಟ್ಟು ನಾಲ್ಕು ಮುಖದಲ್ಲಿ ಕೆಲಸ. 1867ರ ಆರಂಭದಲ್ಲಿ ನೈಟ್ರೋಗ್ಲಿಸರಿನ್ ಬಂತು. ಅದನ್ನು ಸಾಗಿಸುವುದು ಅಪಾಯ. ಹಿಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದು ಪೆಟ್ಟಿಗೆ ಸಿಡಿದು ಜನ ಸತ್ತಿದ್ದರು. ಅದಕ್ಕೇ ಒಬ್ಬ ರಸಾಯನ ತಜ್ಞನನ್ನು ಇಟ್ಟುಕೊಂಡು ಸುರಂಗದ ಹತ್ತಿರವೇ ತಯಾರಿಸಿದರು. ವೇಗ ಸುಮಾರು ಒಂದೂವರೆ ಪಟ್ಟಾಯಿತು.

ಆ ಚಳಿಗಾಲ ಭಯಂಕರವಾಗಿತ್ತು. ಅಲ್ಲಿದ್ದ ಇಂಜಿನಿಯರ್ ಒಬ್ಬರು 44 ಹಿಮಗಾಳಿಗಳ ಲೆಕ್ಕ ಇಟ್ಟಿದ್ದಾರೆ. ಕೂಲಿಗಳು ಹಿಮದ ಕೆಳಗೆ ದಾರಿ ಕೊರೆದುಕೊಂಡು ಬಿಡಾರದಿಂದ ಸುರಂಗಕ್ಕೆ, ಸುರಂಗದಿಂದ ಬಿಡಾರಕ್ಕೆ ಓಡಾಡಿದರು. ಎಷ್ಟೋ ದಿನ ಬಿಸಿಲು ಕಾಣಲಿಲ್ಲ. ಹಿಮ ಕುಸಿದು ಜನ ಸತ್ತರು. ಕೆಲವರ ಹೆಣ ಸಿಕ್ಕಿದ್ದು ವಸಂತದಲ್ಲಿ ಹಿಮ ಕರಗಿದ ಮೇಲೆ.

ಬೇ ಏರಿಯಾದಲ್ಲಿರುವ ನಮ್ಮ ಕನ್ನಡದವರು ಹಿಮ ನೋಡಲು ಟಾಹೋ ಕಡೆ ಹೋಗುವಾಗ ದಾಟುವುದು ಇದೇ ಡೋನರ್ ಘಾಟಿ. ಹೆದ್ದಾರಿ ಬಿಟ್ಟು ಹಳೆಯ ರಸ್ತೆಗೆ ಇಳಿದರೆ ಬೆಟ್ಟದ ಮಗ್ಗುಲಲ್ಲಿ ಎತ್ತರದ ಒಂದು ಕಲ್ಲಿನ ಗೋಡೆ ಕಾಣುತ್ತದೆ. ಗಾರೆ ಹಾಕದೆ ಬರೀ ಕಲ್ಲಿಗೆ ಕಲ್ಲು ಕೂರಿಸಿ ಈ ಕೂಲಿಗಳು ಕಟ್ಟಿದ ಗೋಡೆ. ಹಳಿಗಳು ಹೋಗಿ ಎಷ್ಟೋ ವರ್ಷವಾದರೂ ಗೋಡೆ ಹಾಗೇ ನಿಂತಿದೆ.

ಎಂಟು ದಿನ

1867ರ ವಸಂತದಲ್ಲಿ ಕಂಪನಿಗೆ ಮತ್ತೆ ಜನ ಸಾಲದಾಯಿತು. ಚೀನೀಯರು ಬೇರೆ ಕಡೆಯ ಗಣಿಗಳಿಗೆ ಹೋಗತೊಡಗಿದ್ದರು. ಕಂಪನಿ ತಾನಾಗಿಯೇ ಸಂಬಳವನ್ನು 35 ಡಾಲರ್‌ಗೆ ಏರಿಸಿತು. ತಮ್ಮ ಬೆಲೆ ಏನು ಅಂತ ಕೂಲಿಗಳಿಗೆ ಇದರಿಂದ ಸ್ಪಷ್ಟವಾಗಿ ಗೊತ್ತಾಯಿತು ಅಂತ ನನಗನ್ನಿಸುತ್ತದೆ. ಜೂನ್ 19ರಂದು ಒಂದು ಸುರಂಗದಲ್ಲಿ ಸ್ಫೋಟವಾಗಿ ಒಬ್ಬ ಬಿಳಿಯ, ಐವರು ಚೀನೀಯರು ಸತ್ತರು. ಅದಾಗಿ ವಾರ ಕಳೆಯುವ ಮೊದಲೇ ಮುಷ್ಕರ ಶುರು.

ಹೊತ್ತು ನೋಡಿ ಹೊಡೆದ ಹೊಡೆತ ಅದು. ಬೆಟ್ಟದ ಮೇಲೆ ಕೆಲಸ ಸಲೀಸಾಗಿ ಸಾಗುವುದು ಹಿಮ ಕರಗಿದ ಮೇಲಿನ ಕೆಲವೇ ತಿಂಗಳು. ಆ ಬೇಸಿಗೆ ತಪ್ಪಿದರೆ ಕಂಪನಿಗೆ ಇನ್ನೊಂದು ವರ್ಷ ನಷ್ಟ. ಮೈಲಿಗಟ್ಟಲೆ ಹರಡಿದ್ದ ಬಿಡಾರಗಳಲ್ಲಿ, ಫೋನಿಲ್ಲದ ಕಾಲದಲ್ಲಿ, ಸಾವಿರಾರು ಜನ ಒಟ್ಟಿಗೆ ಕೆಲಸ ನಿಲ್ಲಿಸಿದ್ದು ಸುಮ್ನೆ ಆಗುವ ಮಾತಲ್ಲ. ಕಂಪನಿ ತನ್ನ ಅನುಕೂಲಕ್ಕೆ ಇಟ್ಟುಕೊಂಡಿದ್ದ ಮೇಸ್ತ್ರಿಗಳ ವ್ಯವಸ್ಥೆಯೇ ಇಲ್ಲಿ ಕೂಲಿಗಳ ಸಂಘವಾಗಿ ಕೆಲಸ ಮಾಡಿತು. ಸುದ್ದಿ ಮೇಸ್ತ್ರಿಯಿಂದ ಮೇಸ್ತ್ರಿಗೆ ಹೋಯಿತು.

ಯಜಮಾನರು ಇದನ್ನು ನಂಬಲಿಲ್ಲ. ಯೂನಿಯನ್ ಪೆಸಿಫಿಕ್‌ನವರು ಯಾರನ್ನೋ ಕಳಿಸಿ ಇವರ ತಲೆ ಕೆಡಿಸಿದ್ದಾರೆ ಅಂತ ಅನುಮಾನಪಟ್ಟರು. ದಕ್ಷಿಣದಲ್ಲಿ ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರನ್ನು ಕರೆಸಿ, ಇವರಿಗೆ ಪೈಪೋಟಿ ಒಡ್ಡೋಣ ಎಂಬ ಮಾತೂ ಅವರ ಪತ್ರಗಳಲ್ಲಿ ಬಂತು. ಅದೆಲ್ಲ ಆಗಲು ತಿಂಗಳುಗಳು ಬೇಕು. ಕ್ರಾಕರ್ ಅಷ್ಟು ಕಾಯಲಿಲ್ಲ. ಬಿಡಾರಗಳಿಗೆ ಹೋಗುತ್ತಿದ್ದ ದಿನಸಿ ನಿಲ್ಲಿಸಿದರು. ಕಟುಕರಿಗೆ ಮಾಂಸ ಕಡಿಯಬೇಡಿ ಅಂದರು.

ಒಂದು ವಾರ. ಆಮೇಲೆ ಕ್ರಾಕರ್, ಸ್ಟ್ರೋಬ್ರಿಜ್, ಶೆರಿಫ್ ಮತ್ತು ಕೆಲವು ಬಿಳಿಯರು ಜೊತೆಯಾಗಿ ಬಿಡಾರಕ್ಕೆ ಬಂದರು. ಮೇಸ್ತ್ರಿಗಳನ್ನು ಕರೆಸಿದರು. ಇಲ್ಲಿ ನಿಯಮ ಮಾಡುವವನು ನಾನು, ನೀವಲ್ಲ ಅನ್ನುವುದು ಕ್ರಾಕರ್ ಮಾತಿನ ಸಾರ. ಈಗಲೇ ಕೆಲಸಕ್ಕೆ ಬಂದರೆ ದಂಡವಿಲ್ಲ, ಬರದಿದ್ದರೆ ಜೂನ್ ತಿಂಗಳ ಸಂಬಳವೇ ಇಲ್ಲ. ಹಸಿದಿದ್ದ ಜನ ಕೆಲಸಕ್ಕೆ ಮರಳಿದರು. ಇನ್ನೂ ಹಟ ಹಿಡಿಯೋಣ ಅಂದವರೂ ಅವರಲ್ಲಿದ್ದರು.

ಇಪ್ಪತ್ತು ವರ್ಷದ ನಂತರ, 1887ರಲ್ಲಿ, ಸರ್ಕಾರಿ ಆಯೋಗದ ಮುಂದೆ ಕ್ರಾಕರ್ ಇದನ್ನೆಲ್ಲ ತಾವೇ ಹೇಳಿದರು. ಅಷ್ಟೇ ಸಂಖ್ಯೆಯ ಬಿಳಿಯರು ಮುಷ್ಕರ ಮಾಡಿದ್ದರೆ ಹಿಡಿಯಲು ಆಗುತ್ತಿರಲಿಲ್ಲ, ಚೀನೀಯರ ಮುಷ್ಕರ ಮಾತ್ರ ದಾರಿಯುದ್ದಕ್ಕೂ ಭಾನುವಾರದ ಹಾಗಿತ್ತು ಅಂದರು. ಒಂದು ಕೆಟ್ಟ ಮಾತಿಲ್ಲ, ಒಂದು ಹೊಡೆದಾಟವಿಲ್ಲ. ಈ ಮಾತನ್ನು ಹಿಡಿದುಕೊಂಡು ಚೀನೀಯರು ಸಾಧು ಜನ, ಹೇಳಿದ್ದು ಕೇಳುವವರು ಅಂತ ಬಹಳ ಕಾಲ ಬರೆದರು. ನನಗೆ ಇದರಲ್ಲಿ ಕಾಣುವುದು ಶಿಸ್ತು. ಒಬ್ಬ ಕೈ ಎತ್ತಿದ್ದರೂ ಬಂದೂಕು ಬರುತ್ತಿತ್ತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸೋಲಿನ ಕಾರಣ

ಮೊದಲ ಕಾರಣ ಹೊಟ್ಟೆ. ಆ ಬೆಟ್ಟದ ಮೇಲೆ ಅಕ್ಕಿ ಬೆಳೆಯುವುದಿಲ್ಲ. ಪ್ರತಿ ಮೂಟೆಯೂ ಸ್ಯಾಕ್ರಮೆಂಟೊದಿಂದ ಕಂಪನಿಯ ಹಳಿಯ ಮೇಲೇ ಬರಬೇಕು. ಅಂದರೆ ಕೂಲಿಗಳು ತಾವೇ ಹಾಕಿದ ಹಳಿಯಿಂದ ಅವರನ್ನೇ ಉಪವಾಸ ಕೆಡವಬಹುದಿತ್ತು. ದಿನಸಿ ಪೂರೈಸುತ್ತಿದ್ದ, ಕೂಲಿಗಳನ್ನೂ ಕರೆತರುತ್ತಿದ್ದ ಸಿಸ್ಸನ್, ವ್ಯಾಲೇಸ್ ಎಂಬ ವ್ಯಾಪಾರ ಸಂಸ್ಥೆಯಲ್ಲಿ ಕ್ರಾಕರ್ ಅವರ ತಮ್ಮ ಪಾಲುದಾರ. ಕೆಲಸ ಕೊಡುವವರು, ದಿನಸಿ ಮಾರುವವರು, ಸರಕು ಸಾಗಿಸುವವರು ಎಲ್ಲ ಒಂದೇ ಗುಂಪು. ಊಟ ನಮ್ಮದು ನಾವು ನೋಡಿಕೊಳ್ಳುತ್ತೇವೆ ಎಂಬ ಸ್ವಾತಂತ್ರ್ಯ ಮೇಲ್ನೋಟಕ್ಕೆ ಮಾತ್ರ ಅವರ ಕೈಯಲ್ಲಿತ್ತು.

ಎರಡನೆಯದು ಕಾನೂನು. 1854ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಒಂದು ಕೊಲೆ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು: ಬಿಳಿಯನ ವಿರುದ್ಧ ಚೀನೀಯ ಸಾಕ್ಷಿ ಹೇಳುವಂತಿಲ್ಲ. ಪೌರತ್ವ ಪಡೆಯುವ ಹಾದಿಯೂ ಮುಚ್ಚಿತ್ತು, 1790ರ ಕಾಯ್ದೆ ಅದನ್ನು ಬಿಳಿಯರಿಗೆ ಮಾತ್ರ ಇಟ್ಟಿತ್ತು. ಚಾಟಿ ಏಟು ತಿಂದವನು ಯಾರ ಹತ್ತಿರ ಹೋಗಬೇಕು? ಮತ ಹಾಕದವರ ಪರ ಯಾವ ರಾಜಕಾರಣಿ ಬರುತ್ತಾನೆ?

ಪಕ್ಕದಲ್ಲಿ ದುಡಿಯುತ್ತಿದ್ದ ಬಿಳಿಯ ಕಾರ್ಮಿಕರೂ ಜೊತೆಗೆ ನಿಲ್ಲಲಿಲ್ಲ. ಚೀನೀಯರು ಬಂದ ಮೇಲೆ ಅವರಲ್ಲಿ ಅನೇಕರಿಗೆ ಮೇಲ್ವಿಚಾರಕನ ಕೆಲಸ ಸಿಕ್ಕಿತ್ತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬಿಳಿಯ ಕಾರ್ಮಿಕರು ಚೀನೀಯರ ವಿರುದ್ಧವೇ ಸಂಘ ಕಟ್ಟುತ್ತಿದ್ದರು.

ಈ ಮೂರರಲ್ಲಿ ಮೊದಲನೆಯದೇ ನಿರ್ಣಾಯಕ ಅಂತ ನನ್ನ ಅಭಿಪ್ರಾಯ. ಒಂದು ತಿಂಗಳ ಅಕ್ಕಿ ಕೂಡಿಟ್ಟುಕೊಳ್ಳಲು ದಾರಿ ಇದ್ದಿದ್ದರೆ ಕ್ರಾಕರ್ ಮಾತುಕತೆಗೆ ಕೂರಲೇಬೇಕಿತ್ತು. ಬೇಸಿಗೆ ಕಂಪನಿಯ ಕೈ ಜಾರುತ್ತಿತ್ತು.

ಆಮೇಲೆ

ಎರಡು ತಿಂಗಳಲ್ಲಿ ಸುರಂಗದ ಎರಡೂ ಕಡೆ ಒಂದಾಯಿತು. ನವೆಂಬರ್ ಕೊನೆಗೆ ಅದರೊಳಗೆ ರೈಲು ಓಡಿತು. ಬೆಟ್ಟ ಇಳಿದ ಮೇಲೆ ನೆವಾಡಾದ ಮರಳುಗಾಡಿನಲ್ಲಿ ಕೆಲಸ ಸರಸರ ಸಾಗಿತು. 1869ರ ಏಪ್ರಿಲ್ 28ರಂದು ಒಂದೇ ದಿನದಲ್ಲಿ 10 ಮೈಲಿ 56 ಅಡಿ ಹಳಿ ಹಾಕಿದರು. ಆ ದಿನ ಕಂಬಿ ಎತ್ತಿಟ್ಟ ಎಂಟು ಜನ ಐರಿಷರ ಹೆಸರು ದಾಖಲೆಯಲ್ಲಿದೆ. ಜೊತೆಗೆ ದುಡಿದ ಸಾವಿರಾರು ಚೀನೀಯರ ಹೆಸರಿಲ್ಲ. ಮೇ 10ರಂದು ಯೂಟಾದ ಪ್ರಾಮೊಂಟರಿಯಲ್ಲಿ ಎರಡು ದಾರಿಗಳೂ ಸೇರಿದವು. ಸೆಂಟ್ರಲ್ ಪೆಸಿಫಿಕ್ ಹಾಕಿದ್ದು 690 ಮೈಲಿ, ಯೂನಿಯನ್ ಪೆಸಿಫಿಕ್ 1086 ಮೈಲಿ. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಪ್ರಯಾಣ ಒಂದು ವಾರಕ್ಕೆ ಇಳಿಯಿತು. ಪೂರ್ವದ ಕಾರ್ಖಾನೆಗಳಿಗೆ ಪಶ್ಚಿಮದ ಮಾರುಕಟ್ಟೆ, ಪಶ್ಚಿಮದ ದನ, ಗೋಧಿ, ಅದಿರಿಗೆ ಪೂರ್ವದ ಮಾರುಕಟ್ಟೆ ಸಿಕ್ಕಿತು. ಬಯಲಿನ ಕಾಡೆಮ್ಮೆಗಳ ಹಿಂಡು ಎರಡು ದಶಕ ತುಂಬುವ ಮೊದಲೇ ಹೆಚ್ಚುಕಡಿಮೆ ನಿರ್ನಾಮವಾಯಿತು. ಅವನ್ನೇ ನಂಬಿದ್ದ ಬುಡಕಟ್ಟುಗಳ ಬದುಕೂ ಕುಸಿಯಿತು.

ಎಷ್ಟು ಚೀನೀಯರು ಸತ್ತರು ಅಂತ ಕಂಪನಿ ಲೆಕ್ಕ ಇಡಲಿಲ್ಲ. 1870ರಲ್ಲಿ ಸ್ಯಾಕ್ರಮೆಂಟೊದ ಒಂದು ಪತ್ರಿಕೆ, ಊರಿಗೆ ಕಳಿಸಲು ರೈಲಿನಲ್ಲಿ ತಂದ ಮೂಳೆಗಳು 20,000 ಪೌಂಡ್, ಅಂದರೆ ಸುಮಾರು 1200 ಜನರದ್ದು ಅಂತ ಬರೆಯಿತು. ಇನ್ನೊಂದು ಪತ್ರಿಕೆ ಸುಮಾರು 50 ಜನರದ್ದು ಅಂದಿತು. ಇತಿಹಾಸಕಾರರ ಅಂದಾಜು ಇವುಗಳ ನಡುವೆ ಈಗಲೂ ತೂಗಾಡುತ್ತಿದೆ.

1882ರಲ್ಲಿ ಅಮೆರಿಕ ಚೀನೀ ಕೂಲಿಗಳು ದೇಶಕ್ಕೆ ಬರುವುದನ್ನೇ ನಿಷೇಧಿಸಿತು. 1885ರಲ್ಲಿ ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್‌ನಲ್ಲಿ, ಯೂನಿಯನ್ ಪೆಸಿಫಿಕ್‌ನ ಕಲ್ಲಿದ್ದಲು ಗಣಿಯಲ್ಲಿ, ಬಿಳಿಯ ಗಣಿ ಕೆಲಸಗಾರರು ಕನಿಷ್ಠ 28 ಚೀನೀಯರನ್ನು ಕೊಂದರು. ನಿಷೇಧ ತೆಗೆದದ್ದು 1943ರಲ್ಲಿ, ಅದೂ ವರ್ಷಕ್ಕೆ 105 ಜನಕ್ಕೆ ಮಾತ್ರ ಅವಕಾಶ.

1969ರಲ್ಲಿ ಪ್ರಾಮೊಂಟರಿಯಲ್ಲಿ ಶತಮಾನೋತ್ಸವ ನಡೆಯಿತು. ಆಗಿನ ಸಾರಿಗೆ ಸಚಿವ ಜಾನ್ ವೋಲ್ಪಿ, ಅಷ್ಟು ಹಿಮದಲ್ಲಿ ಬೆಟ್ಟ ಕೊರೆಯಲು ಅಮೆರಿಕನ್ನರನ್ನು ಬಿಟ್ಟು ಇನ್ಯಾರಿಂದ ಸಾಧ್ಯ ಎಂಬರ್ಥದ ಭಾಷಣ ಮಾಡಿದರು. ಅಲ್ಲಿ ಮಾತಾಡಲು ಬಂದಿದ್ದ ಚೀನೀ ಅಮೆರಿಕನ್ ಇತಿಹಾಸ ಸಂಘದವರಿಗೆ ವೇದಿಕೆಯೇ ಸಿಗಲಿಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ಈ ಕೂಲಿಗಳನ್ನು ತನ್ನ ಗೌರವ ಪಟ್ಟಿಗೆ ಸೇರಿಸಿದ್ದು 2014ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2012ರಿಂದ ಇವರ ಬಗ್ಗೆ ದೊಡ್ಡ ಹುಡುಕಾಟ ನಡೆಸಿದರು. ಹಳೆಯ ಬಿಡಾರಗಳ ಬಟ್ಟಲು, ಗುಂಡಿ, ನಾಣ್ಯ, ಸಂಬಳದ ಪುಸ್ತಕ, ಹಡಗಿನ ಪಟ್ಟಿ ಎಲ್ಲವನ್ನೂ ಕೂಡಿಸಿದರು. ಇಷ್ಟು ಸಾವಿರ ಕೂಲಿಗಳಲ್ಲಿ ಒಬ್ಬನ ಕೈಬರಹದ ಒಂದು ಕಾಗದವೂ ಅವರಿಗೆ ಸಿಗಲಿಲ್ಲ. ಹಾಗಾಗಿ ಆ ಎಂಟು ದಿನ ಬಿಡಾರದೊಳಗೆ ಏನು ಮಾತಾಡಿಕೊಂಡರು ಅನ್ನುವುದಕ್ಕೆ ಇವತ್ತಿಗೂ ನಮ್ಮ ಮುಂದಿರುವ ಸಾಕ್ಷಿ ಕ್ರಾಕರ್ ಕಡೆಯವರ ಪತ್ರಗಳು ಮತ್ತು ಅಂದಿನ ಪತ್ರಿಕೆಗಳು ಮಾತ್ರ.